ತಂತಿಗೂ ಒಂದು ಮೀಸೆ ಬೇಕು

ಆನೆ ಕೊಲ್ಲುವವನ ಚಿತ್ರ ಬರೆ ಎಂದು ಯಾವ ಮಗುವಿಗಾದರೂ ಹೇಳಿ ನೋಡಿ, ಮೊದಲು ಮೀಸೆ ಬರೆಯುತ್ತದೆ. ಎರಡೂ ಕೆನ್ನೆ ತುಂಬಿ ಕಿವಿಯ ಕಡೆ ಹೊರಟ ಮೀಸೆ. ಬಂದೂಕು, ಹಸಿರು ಅಂಗಿ, ಹಿಂದೊಂದು ಬೆಟ್ಟ, ಇವೆಲ್ಲ ಆಮೇಲೆ. ಹಾಳೆಯಲ್ಲಿ ಜಾಗ ಉಳಿದರೆ ಮೂಲೆಯಲ್ಲೊಂದು ಆನೆ. ಈ ಚಿತ್ರದಿಂದ ನಮಗೆಲ್ಲ ಬಹಳ ಅನುಕೂಲವಾಗಿದೆ. ಆನೆಯ ಶತ್ರು ಯಾರೆಂದರೆ ಒಂದೇ ಹೆಸರು, ಒಂದೇ ಮುಖ. 2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯಲ್ಲಿ ಪೊಲೀಸರ ಆಂಬುಲೆನ್ಸ್ ಹತ್ತಿದ ವೀರಪ್ಪನ್ ಗುಂಡಿಗೆ ಬಲಿಯಾದ. ಮಾರನೆಯ ದಿನದಿಂದ ಆನೆಗಳು ಕ್ಷೇಮ ಎಂದು ನಾವು ತೀರ್ಮಾನಿಸಿದೆವು. ಆನೆಗಳನ್ನು ಯಾರೂ ಕೇಳಲಿಲ್ಲ.

ಆ ರಾತ್ರಿಯ ಒಂದು ವಿವರಕ್ಕೆ ಸಿಗಬೇಕಾದ ಮರ್ಯಾದೆ ಸಿಗಲಿಲ್ಲ. ಸತ್ತವನ ಮುಖದಲ್ಲಿ ಆ ಮೀಸೆ ಇರಲಿಲ್ಲ, ಕತ್ತರಿಸಿಕೊಂಡಿದ್ದ. ಗುರುತು ಸಿಗದೆ ಓಡಾಡಬೇಕಾದರೆ ಮೀಸೆ ಇರಬಾರದು ಎಂಬ ಜ್ಞಾನೋದಯ ಅವನಿಗಾದದ್ದು ಕೊನೆಗಾಲದಲ್ಲಿ. ಅವನಿಗಿಂತ ಬುದ್ಧಿವಂತರು ಮೊದಲಿನಿಂದಲೂ ಮೀಸೆ ಬಿಟ್ಟಿರಲೇ ಇಲ್ಲ.

ದಂತ ಕೊಂಡವರನ್ನೇ ನೋಡಿ. ಕೊಂದವನ ಮೇಲೆ ‘ಅಟ್ಟಹಾಸ’ ಬಂತು, ‘ಕಿಲ್ಲಿಂಗ್ ವೀರಪ್ಪನ್’ ಬಂತು, ಮೊಬೈಲಿನಲ್ಲಿ ಕಂತು ಕಂತಾಗಿ ನೋಡುವ ಸಾಕ್ಷ್ಯಚಿತ್ರಗಳೂ ಬಂದವು. ಕೊಂಡವನ ಮೇಲೆ ಯಾರಾದರೂ ಒಂದು ಕಿರುಚಿತ್ರವನ್ನಾದರೂ ತೆಗೆದಿದ್ದಾರೆಯೆ? ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ಬಿದ್ದ ಸಲಗದ ದಂತ ತಾನಾಗಿ ಎದ್ದು ನಡೆದುಕೊಂಡು ಹೋಗುವುದಿಲ್ಲ. ಅದಕ್ಕೆ ಲಾರಿ ಬೇಕು, ಗೋದಾಮು ಬೇಕು, ಚೆಕ್‌ಪೋಸ್ಟಿನಲ್ಲಿ ಆ ಹೊತ್ತಿಗೆ ಸರಿಯಾಗಿ ನಿದ್ದೆ ಬರುವವನೊಬ್ಬ ಬೇಕು. ಸಮುದ್ರದಾಚೆ ಸಭ್ಯರಾದ ಗಿರಾಕಿಗಳೂ ಬೇಕು. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಜಗತ್ತಿನ ದಂತಕ್ಕೆ ದೊಡ್ಡ ಗಿರಾಕಿ ಜಪಾನ್. ಅಲ್ಲಿ ಸಹಿ ಹಾಕುವ ಬದಲು ಕಾಗದದ ಮೇಲೆ ಒತ್ತುವ ಹೆಬ್ಬೆರಳಷ್ಟರ ಮುದ್ರೆಯನ್ನು ದಂತದಲ್ಲೂ ಕೆತ್ತುತ್ತಿದ್ದರು. ಬ್ಯಾಂಕಿನ ಕಾಗದದ ಮೇಲೊಂದು ಕೆಂಪು ಗುರುತು ಮೂಡಲು ಕಾಡಿನಲ್ಲೊಂದು ಆನೆ ಮಲಗಬೇಕಿತ್ತು. ಮುದ್ರೆ ಒತ್ತಿದವನನ್ನು ಹಂತಕ ಎಂದು ಕರೆದರೆ ನಮಗೇ ಸಂಕೋಚವಾಗುತ್ತದೆ. ಪಾಪ, ಟೈ ಕಟ್ಟಿಕೊಂಡಿದ್ದ.

ಏಷ್ಯಾದ ಆನೆಗಳಲ್ಲಿ ಕೋರೆ ಬೆಳೆಯುವುದು ಗಂಡಿಗೆ ಮಾತ್ರ, ಗಂಡುಗಳಲ್ಲೂ ಮಖನಾಗಳಿಗೆ ಅದೂ ಇಲ್ಲ. ಹಾಗಾಗಿ ಕಳ್ಳಬೇಟೆಗಾರ ಕಾಡಿನಲ್ಲಿ ಆರಿಸಿ ಆರಿಸಿ ಹೊಡೆದ. ಕೇರಳದ ಪೆರಿಯಾರ್ ಕಾಡಿನಲ್ಲಿ ಒಂದು ಕಾಲಕ್ಕೆ ಪ್ರೌಢ ಸಲಗವೊಂದಕ್ಕೆ ನೂರಕ್ಕೂ ಹೆಚ್ಚು ಹೆಣ್ಣಾನೆಗಳು ಎಂಬ ಸ್ಥಿತಿ ಬಂದಿತ್ತು. ಕಾನೂನು ಸುಮ್ಮನಿರಲಿಲ್ಲ. 1977ರಲ್ಲಿ ಆನೆ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ ಬಡ್ತಿ ಪಡೆಯಿತು. 1986ರ ತಿದ್ದುಪಡಿ ದೇಶದೊಳಗೆ ಭಾರತೀಯ ದಂತದ ವ್ಯಾಪಾರಕ್ಕೆ ಬೀಗ ಹಾಕಿತು. 1989ರಲ್ಲಿ ಆಫ್ರಿಕಾದ ದಂತಕ್ಕೂ ಅಂತರರಾಷ್ಟ್ರೀಯ ನಿಷೇಧ ಬಂತು. ಬಂಡೀಪುರ, ನಾಗರಹೊಳೆಗಳಲ್ಲಿ ಕಳ್ಳಬೇಟೆ ತಡೆ ಶಿಬಿರಗಳು ಎದ್ದವು. ದಿನಗೂಲಿ ವಾಚರುಗಳು ಕಾಡು ಸುತ್ತಿ ಸುತ್ತಿ ಬಂದೂಕಿನ ಸದ್ದು ಅಡಗಿಸಿದರು. ಈ ಮಾತಿನಲ್ಲಿ ವ್ಯಂಗ್ಯವಿಲ್ಲ. ಇಂದು ಕರ್ನಾಟಕ ದೇಶದಲ್ಲೇ ಅತಿ ಹೆಚ್ಚು ಆನೆಗಳಿರುವ ರಾಜ್ಯವಾಗಿರುವುದರ ಹಿಂದೆ ಆ ವಾಚರುಗಳ ಹರಿದ ಬೂಟುಗಳಿವೆ. 2023ರ ಗಣತಿಯಲ್ಲಿ ಇಲ್ಲಿ ಸಿಕ್ಕ ಅಂದಾಜು 6,395.

ಬಂದೂಕು ಸುಮ್ಮನಾಯಿತು. ಆನೆ ಸಾಯುವುದು ನಿಂತಿತೆ?

ಕೇಂದ್ರ ಪರಿಸರ ಸಚಿವಾಲಯವೇ ಮಾಹಿತಿ ಹಕ್ಕು ಅರ್ಜಿಯೊಂದಕ್ಕೆ ಕೊಟ್ಟ ಉತ್ತರವಿದೆ. 2009-10ರಿಂದ 2020ರ ಕೊನೆಯವರೆಗೆ ದೇಶದಲ್ಲಿ ಅಸಹಜವಾಗಿ ಸತ್ತ ಆನೆಗಳು 1,160. ಅದರಲ್ಲಿ ಕಳ್ಳಬೇಟೆಗೆ ಬಲಿಯಾದವು 169, ರೈಲಿಗೆ 186, ವಿಷಕ್ಕೆ 64. ಉಳಿದ 741 ಆನೆಗಳು ಸತ್ತದ್ದು ಕರೆಂಟ್ ಹೊಡೆದು. ಈ ಬಾಬಿನಲ್ಲಿ ಒಡಿಶಾದ ಜೊತೆ ಸಮಸಮವಾಗಿ ಮೊದಲ ಸ್ಥಾನ ಹಂಚಿಕೊಂಡ ಹೆಮ್ಮೆಯ ರಾಜ್ಯ ನಮ್ಮದೇ, ತಲಾ 133. ಅತಿ ಹೆಚ್ಚು ಆನೆಗಳಿರುವ ನಾಡು ಎಂದು ಜಾಹೀರಾತು ಕೊಡುವಾಗ ಈ ಎರಡನೆಯ ಪ್ರಶಸ್ತಿಯನ್ನು ಸೇರಿಸಲು ಯಾಕೋ ಎಲ್ಲರೂ ಮರೆಯುತ್ತಾರೆ.

ಕಳ್ಳಬೇಟೆಯ ನಾಲ್ಕು ಪಟ್ಟಿಗೂ ಹೆಚ್ಚು ಆನೆಗಳನ್ನು ಕೊಂದ ತಂತಿಯ ಮೇಲೆ ಸಿನಿಮಾ ಇಲ್ಲ, ವಿಶೇಷ ಕಾರ್ಯಪಡೆ ಇಲ್ಲ, ತಲೆಗೆ ಬಹುಮಾನ ಇಲ್ಲ. ಯಾಕೆಂದರೆ ತಂತಿಗೆ ಮೀಸೆ ಇಲ್ಲ.

ಈ ತಂತಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕಾಡಂಚಿನ ಊರುಗಳಲ್ಲಿ ಎರಡು ಬಗೆಯ ಬೇಲಿಗಳಿವೆ. ಒಂದು ಸೋಲಾರ್ ಬೇಲಿ, ಮಲೆನಾಡಿನ ಕಡೆ ಐಬೆಕ್ಸ್ ಬೇಲಿ ಎನ್ನುತ್ತಾರೆ. ಬ್ಯಾಟರಿಯ ಪಕ್ಕದ ಪೆಟ್ಟಿಗೆ ಗೋಡೆ ಗಡಿಯಾರದ ಹಾಗೆ ಟಕ್ ಟಕ್ ಎನ್ನುತ್ತಿರುತ್ತದೆ. ಒಂದೊಂದು ಟಕ್‌ಗೆ ಕ್ಷಣದ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು ಮಾತ್ರ ವಿದ್ಯುತ್ ಹರಿಯುತ್ತದೆ. ಮುಟ್ಟಿದ ಆನೆಗೆ ಬುದ್ಧಿ ಬರುತ್ತದೆ, ಜೀವ ಹೋಗುವುದಿಲ್ಲ. ಬುದ್ಧಿ ಬಂದ ಆನೆ ಮುಂದೇನು ಮಾಡುತ್ತದೆ ಎಂಬುದು ಬೇರೆ ಮಾತು. ದಂತದಲ್ಲಿ ವಿದ್ಯುತ್ ಹರಿಯುವುದಿಲ್ಲವೆಂದು ಕಂಡುಕೊಂಡು ಕೋರೆಯಿಂದಲೇ ತಂತಿ ಕೀಳುವ ಸಲಗಗಳಿವೆ, ಮರ ಉರುಳಿಸಿ ಬೇಲಿ ಮಲಗಿಸುವ ಆನೆಗಳಿವೆ. ಇನ್ನೊಂದು ಬೇಲಿ ಟಕ್ ಎನ್ನುವುದಿಲ್ಲ. ಗದ್ದೆಯ ಬದುವಿನಲ್ಲಿ ನೀಲಗಿರಿ ಗೂಟಗಳಿಗೆ ಸುತ್ತಿದ, ಮೊಣಕಾಲೆತ್ತರದ ಒಂಟಿ ತಂತಿ. ಹಂದಿಗೆಂದು ಕಟ್ಟಿದ್ದು. ಅದರಲ್ಲಿ ಮನೆಯ ಮಿಕ್ಸಿಗೆ, ಪಂಪ್‌ಸೆಟ್ಟಿಗೆ ಬರುವ ಕರೆಂಟೇ ರಾತ್ರಿಯಿಡೀ ಹರಿಯುತ್ತದೆ. ಹಂದಿ ಮುಟ್ಟಿದರೂ ಅಷ್ಟೆ, ಆನೆ ಮುಟ್ಟಿದರೂ ಅಷ್ಟೆ, ಬೆಳಗಿನ ಜಾವ ನೀರು ಕಟ್ಟಲು ಹೋದ ಪಕ್ಕದ ಹೊಲದವನು ಮುಟ್ಟಿದರೂ ಅಷ್ಟೆ. ಇಷ್ಟು ಸಮಾನತೆ ನಮ್ಮ ಬೇರೆ ಯಾವ ವ್ಯವಸ್ಥೆಯಲ್ಲೂ ಇಲ್ಲ.

ಊರಲ್ಲಿ ಯಾರ ಹೊಲದ ತಂತಿಗೆ ರಾತ್ರಿ ಕರೆಂಟ್ ಬಿಡುತ್ತಾರೆ ಎಂಬುದು ಗುಟ್ಟಲ್ಲ. ಕುರಿ ಕಾಯುವ ಹುಡುಗನಿಗೆ ಗೊತ್ತು, ಲೈನ್‌ಮನ್‌ಗೆ ಗೊತ್ತು. ಗೊತ್ತಾಗದೆ ಉಳಿಯುವುದು ಮಹಜರು ಬರೆಯುವ ದಿನ ಮಾತ್ರ. ಅಂದು ತಂತಿ ಮಾಯವಾಗಿರುತ್ತದೆ, ಗೂಟ ಕಿತ್ತ ಗುಂಡಿಗಳಲ್ಲಿ ಹಸಿಮಣ್ಣು ತುಂಬಿರುತ್ತದೆ. ಕೆಲವು ಸಲ ಆನೆಯೇ ಮಾಯ. ಜೆಸಿಬಿ ತರಿಸಿ ರಾತ್ರೋರಾತ್ರಿ ಹೂತುಹಾಕಿ, ಕೋರೆಯನ್ನು ಮಾತ್ರ ವ್ಯಾಪಾರಕ್ಕೆ ಕಳಿಸಿದ ಪ್ರಕರಣಗಳೂ ನಮ್ಮಲ್ಲಿ ಬಯಲಾಗಿವೆ. ಹಾಗೆ ಸಿಕ್ಕಿಬಿದ್ದರೆ ಅದು ಕಳ್ಳಬೇಟೆ. ಸಿಕ್ಕಿಬೀಳದಿದ್ದರೆ ‘ವಿದ್ಯುತ್ ಅವಘಡ’.

ಕಾಯ್ದೆಗೆ ಈ ಭೇದ ಗೊತ್ತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೊಲ್ಲುವುದು, ವಿಷ ಇಡುವುದು, ಉರುಳು ಹಾಕುವುದು, ಇವಕ್ಕೆ ಪ್ರಯತ್ನಪಡುವುದು ಎಲ್ಲವೂ ಬೇಟೆಯೇ. ಮೊದಲ ಅನುಸೂಚಿಯ ಪ್ರಾಣಿಯಾದರೆ ಕನಿಷ್ಠ ಮೂರು ವರ್ಷ ಜೈಲು, ಗರಿಷ್ಠ ಏಳು. ಬಂದೂಕು ಕಡ್ಡಾಯ ಎಂದು ಯಾವ ಕಲಮಿನಲ್ಲೂ ಬರೆದಿಲ್ಲ. ಆದರೆ ಲೆಕ್ಕ ಬರೆಯುವಾಗ ಬೇಟೆಗೊಂದು ಕಾಲಂ, ಕರೆಂಟಿಗೊಂದು ಕಾಲಂ. ಮೊದಲ ಕಾಲಂನಲ್ಲಿ ಆರೋಪಿ ಇರುತ್ತಾನೆ. ಎರಡನೆಯದರಲ್ಲಿ ಆರೋಪಿ ವಿದ್ಯುಚ್ಛಕ್ತಿ, ಅದನ್ನು ಬಂಧಿಸಲು ಬರುವುದಿಲ್ಲ. ಜೋತುಬಿದ್ದ ಲೈನು ತಗುಲಿ ಸತ್ತ ಆನೆಯೂ, ಬೇಕೆಂದೇ ಬಿಟ್ಟ ಕರೆಂಟಿಗೆ ಸತ್ತ ಆನೆಯೂ ಆ ಒಂದೇ ಕಾಲಂನಲ್ಲಿ ಅಕ್ಕಪಕ್ಕ ಮಲಗಿರುತ್ತವೆ.

2024ರ ಜೂನ್‌ನಲ್ಲಿ ನಾಗರಹೊಳೆಯ ಭೀಮನಕಟ್ಟೆ ಶಿಬಿರದಲ್ಲಿ ವಿದ್ಯುತ್ ತಗುಲಿ ಸತ್ತದ್ದು ದಸರಾ ಮೆರವಣಿಗೆಯಲ್ಲಿ ಹೆಜ್ಜೆ ಹಾಕಿದ್ದ ಆನೆ. ಹೆಸರು ಅಶ್ವತ್ಥಾಮ. ಕುರುಕ್ಷೇತ್ರದಲ್ಲಿ ಸತ್ತದ್ದೂ ಆ ಹೆಸರಿನ ಆನೆಯೇ. ಧರ್ಮರಾಯ ಅಂದು ಸಾವಿನ ಸುದ್ದಿಯನ್ನು ಗಟ್ಟಿಯಾಗಿ ಹೇಳಿ ಉಳಿದರ್ಧವನ್ನು ಮೆಲ್ಲಗೆ ಹೇಳಿದ, ಅಷ್ಟರಲ್ಲಿ ಕೃಷ್ಣ ಶಂಖ ಊದಿದ. ಯುಗ ಕಳೆದರೂ ನಮ್ಮ ಪತ್ರಿಕಾ ಪ್ರಕಟಣೆಗಳ ಶೈಲಿ ಬದಲಾಗಿಲ್ಲ. ಆನೆ ಸತ್ತಿತು ಎಂಬುದು ದಪ್ಪಕ್ಷರದಲ್ಲಿ, ಹೇಗೆ ಮತ್ತು ಯಾರಿಂದ ಎಂಬುದು ಶಂಖದ ಸದ್ದಿನಲ್ಲಿ. ಒಂದೇ ವ್ಯತ್ಯಾಸ, ಆ ಅರ್ಧಸತ್ಯಕ್ಕೆ ಧರ್ಮರಾಯನ ರಥ ನೆಲಕ್ಕಿಳಿಯಿತು. ಈಗಿನ ರಥಗಳು ಗೂಟದ ಕಾರುಗಳು, ಮೊದಲೇ ನೆಲದ ಮೇಲಿವೆ.

ಇಷ್ಟು ಓದಿದ ನಗರದ ಪ್ರಾಣಿಪ್ರಿಯರು ತಂತಿ ಕಟ್ಟಿದ ರೈತನಿಗೇ ಮೀಸೆ ಬರೆಯಲು ಪೆನ್ಸಿಲ್ ಎತ್ತಿಕೊಂಡಿರಬಹುದು. ಸ್ವಲ್ಪ ತಾಳಿ. ಆ ಮನುಷ್ಯ ಎರಡು ಎಕರೆಗೆ ಬಾಳೆ ಹಾಕಿದ್ದಾನೆ. ಗೊನೆ ಬಿಡುವ ಹೊತ್ತಿಗೆ ಆನೆ ಬಂದು ಒಂದೇ ರಾತ್ರಿಯಲ್ಲಿ ಲೆಕ್ಕ ಚುಕ್ತಾ ಮಾಡಿ ಹೋಗುತ್ತದೆ. ಪರಿಹಾರಕ್ಕೆ ಪಹಣಿ, ಫೋಟೊ, ಆಧಾರ್, ಪಾಸ್‌ಬುಕ್ಕು ಹಿಡಿದು ಅಲೆಯಬೇಕು. ದುಡ್ಡು ಬರುವಾಗ ಮುಂದಿನ ಬೆಳೆಯನ್ನೂ ಆನೆ ತಿಂದಿರುತ್ತದೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕೊಡುವುದು ಎಷ್ಟೋ ಕಡೆ ರಾತ್ರಿ ಹೊತ್ತು. ಅಂದರೆ ಆನೆ ಕಾಡಿನಿಂದ ಹೊರಡುವ ಸಮಯಕ್ಕೆ ಸರಿಯಾಗಿ ಸರ್ಕಾರ ರೈತನನ್ನೂ ಟಾರ್ಚ್ ಕೊಟ್ಟು ಹೊಲಕ್ಕೆ ಕಳಿಸುತ್ತದೆ, ಇಬ್ಬರಿಗೂ ಭೇಟಿ ತಪ್ಪದಿರಲಿ ಎಂದು. ಸಕಲೇಶಪುರ, ಆಲೂರು, ಕೊಡಗಿನ ತೋಟಗಳಲ್ಲಿ ಬೆಳಗ್ಗೆ ಕೆಲಸಕ್ಕೆ ಹೊರಟ ಕೂಲಿಯವರು ಮಂಜಿನಲ್ಲಿ ಆನೆಗೆ ಎದುರಾಗಿ ಸತ್ತಿದ್ದಾರೆ. ಅವರ ಮನೆಯವರ ಮುಂದೆ ನಿಂತು ಆನೆ ಪರಂಪರೆಯ ಪ್ರಾಣಿ ಎಂದು ಭಾಷಣ ಮಾಡಲು ಭಾರಿ ಧೈರ್ಯ ಬೇಕು. ಅದು ಇರುವುದು ಬೆಂಗಳೂರಿನಲ್ಲಿ ಮಾತ್ರ.

ತಡೆಗಳಿಗೇನೂ ಬರ ಇಲ್ಲ. ಕಂದಕ ತೋಡಿದೆವು, ಮಳೆಗೆ ಮಣ್ಣು ಕುಸಿದು ಆನೆಗೆ ಮೆಟ್ಟಿಲಾಯಿತು. ಕಿಲೋಮೀಟರಿಗೆ ಕೋಟಿ ಮೀರುವ ಖರ್ಚಿನಲ್ಲಿ ಹಳೆಯ ರೈಲು ಕಂಬಿಗಳ ಬೇಲಿ ಹಾಕಿದೆವು. 2018ರ ಡಿಸೆಂಬರ್‌ನಲ್ಲಿ ವೀರನಹೊಸಹಳ್ಳಿ ಬಳಿ ಅದನ್ನು ದಾಟಲು ಹೋದ ಸಲಗವೊಂದು ಕಂಬಿಗೆ ಸಿಕ್ಕಿಕೊಂಡು ಸತ್ತಿತು. ರೈಲಿಗೆ ಸಿಕ್ಕಿ ಸಾಯುವ ಆನೆಗಳ ಬಗ್ಗೆ ಕೇಳಿದ್ದೆವು. ರೈಲೇ ಇಲ್ಲದ ಕಂಬಿಗೆ ಸಿಕ್ಕಿ ಸಾಯುವ ಸೌಲಭ್ಯ ಕೊಟ್ಟವರು ನಾವು.

ಹಾಗಾದರೆ ಆನೆ ಉಳಿಸುವುದು ಹೇಗೆಂದು ಗೊತ್ತಿಲ್ಲವೆ? ಗೊತ್ತಿದೆ. ಬೇಸರದ ಸಂಗತಿಯೆಂದರೆ ಗೊತ್ತಿರುವ ಉಪಾಯಗಳೆಲ್ಲ ಉದ್ಘಾಟನೆಗೆ ಯೋಗ್ಯವಲ್ಲ. ಕಾಡಂಚಿನಲ್ಲಿ ಜೋತುಬಿದ್ದ ಲೈನನ್ನು ಸೊಂಡಿಲಿಗೆ ಎಟುಕದಷ್ಟು ಎಳೆದು ಕಟ್ಟುವುದು, ಬರಿ ತಂತಿಯ ಬದಲು ಹೊದಿಕೆಯಿರುವ ಕೇಬಲ್ ಹಾಕುವುದು, ಲೈನ್‌ಮನ್ನೂ ಗಾರ್ಡೂ ಒಟ್ಟಿಗೆ ರಾತ್ರಿ ಒಂದು ಸುತ್ತು ಬರುವುದು, ನೀರಿಗೆ ಹಗಲಲ್ಲಿ ಕರೆಂಟ್ ಕೊಡುವುದು, ಬೆಳೆ ಹೋದ ತಿಂಗಳಲ್ಲೇ ಪರಿಹಾರ ಕೊಡುವುದು. ಯಾವುದಕ್ಕೂ ಟೇಪು ಕತ್ತರಿಸಲು ಬರುವುದಿಲ್ಲ. ಮಾಡಿದ ಕಡೆ ಫಲ ಕಂಡ ಕೆಲಸಗಳೂ ಇವೆ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಸಂಚಾರ ಬಂದಾಗಿದೆ. ಚಾಮರಾಜನಗರ ಜಿಲ್ಲೆಯ ಎಡೆಯಾರಳ್ಳಿ–ದೊಡ್ಡಸಂಪಿಗೆ ಆನೆದಾರಿಗೆ ಬೇಕಾದ ಜಮೀನನ್ನು ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ರೈತರಿಂದ ದುಡ್ಡು ಕೊಟ್ಟು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. ಆನೆಯ ಹಳೆಯ ದಾರಿಯಲ್ಲಿ ರೆಸಾರ್ಟ್ ಕಟ್ಟಿ ‘ಆನೆ ನೋಡಬಹುದು’ ಎಂದು ಬೋರ್ಡು ಹಾಕುವುದಕ್ಕಿಂತ ಇದು ಸರಳ.

ಇದಕ್ಕೂ ಹಳೆಯ ಪಾಠ ವೀರಪ್ಪನ್ನನ ಸ್ವಂತ ಊರಿನಲ್ಲೇ ಇದೆ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಗೋಪಿನಾಥಂನಲ್ಲಿ ಜನರಿಗೆ ಔಷಧಿ ಕೊಡಿಸಿದರು, ಮಾರಿಯಮ್ಮನ ಗುಡಿ ಕಟ್ಟಿಸಿದರು, ಗುಂಪಿನವರನ್ನು ಶರಣಾಗುವಂತೆ ಒಲಿಸಿದರು. 1991ರ ನವೆಂಬರ್ 10ರಂದು, ಶರಣಾಗುತ್ತೇನೆ ಎಂಬ ವೀರಪ್ಪನ್ನನ ಮಾತು ನಂಬಿ ಹೋದ ಅವರನ್ನು ಕೊಲ್ಲಲಾಯಿತು. ಕಾಡಂಚಿನವರ ವಿಶ್ವಾಸ ಗಳಿಸದೆ ಕಾಡು ಉಳಿಯದು ಎಂದು ಅವರು ಜೀವ ಕೊಟ್ಟು ಹೇಳಿದರು. ಇಂದು ಆ ಊರಿನಲ್ಲಿ ಸರ್ಕಾರದ್ದೇ ಪ್ರವಾಸಿ ಶಿಬಿರವಿದೆ. ಹೋದವರು ಮೊದಲು ಕೇಳುವುದು ವೀರಪ್ಪನ್ ಎಲ್ಲಿ ಅಡಗಿದ್ದ ಎಂದು.

ಬೇಡಿಕೆ ಇಳಿದರೆ ಬೇಟೆ ಇಳಿಯುತ್ತದೆ ಎಂಬ ಪ್ರಯೋಗವನ್ನೂ ನಾಡು ಒಮ್ಮೆ ಮಾಡಿ ನೋಡಿದೆ. 2023ರ ಅಕ್ಟೋಬರ್‌ನಲ್ಲಿ ಟಿವಿ ಕಾರ್ಯಕ್ರಮವೊಂದರ ಸ್ಪರ್ಧಿಯನ್ನು ಹುಲಿ ಉಗುರು ಧರಿಸಿದ್ದಕ್ಕೆ ಬಂಧಿಸಿದರು. ಅಂದು ಸಂಜೆಯೊಳಗೆ ಗಣ್ಯರೆಲ್ಲ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ಎದೆ ಮೇಲೆ ವರ್ಷಗಟ್ಟಲೆ ಮೆರೆದ ಉಗುರುಗಳು ರಾತ್ರೋರಾತ್ರಿ ಪ್ಲಾಸ್ಟಿಕ್ ಆದವು. ಅಜ್ಜ ಬೇಟೆಯಾಡಿ ತಂದದ್ದು ಎಂದು ಮದುವೆ ಮನೆಗಳಲ್ಲಿ ಹೇಳಿಕೊಳ್ಳುತ್ತಿದ್ದವರು ಜಾತ್ರೆಯಲ್ಲಿ ಕೊಂಡದ್ದು ಎಂದರು. ಒಂದು ಬಂಧನಕ್ಕೆ ಇಷ್ಟು ಶಕ್ತಿ. ಅದು ಮೀಸೆ ಇಲ್ಲದವನ ಮನೆ ಬಾಗಿಲಿಗೂ ಹೋಗಬೇಕು, ಅಷ್ಟೆ.

ಪ್ರತಿ ಆಗಸ್ಟ್ 12ಕ್ಕೆ ವಿಶ್ವ ಆನೆ ದಿನ. ಭಾಷಣ, ಚಿತ್ರಸ್ಪರ್ಧೆ, ಟೀ ಶರ್ಟು, ಸೆಲ್ಫಿ ಎಲ್ಲ ನಡೆಯಲಿ. ಜೊತೆಗೆ ಒಂದು ಕೆಲಸ. ಕರೆಂಟ್ ಹೊಡೆದು ಸತ್ತ ನಮ್ಮ 133 ಆನೆಗಳಲ್ಲಿ ಎಷ್ಟು ಪ್ರಕರಣದಲ್ಲಿ ತಂತಿ ಯಾರದೆಂದು ಪತ್ತೆಯಾಯಿತು, ಎಷ್ಟರಲ್ಲಿ ಶಿಕ್ಷೆಯಾಯಿತು, ಎಷ್ಟು ಕಡೆ ಜೋತುಬಿದ್ದ ಲೈನನ್ನು ಆನೆ ಸತ್ತ ಮೇಲಾದರೂ ಎತ್ತಿ ಕಟ್ಟಿದರು? ಮಾಹಿತಿ ಹಕ್ಕಿನಲ್ಲಿ ಕೇಳಲು ಶುಲ್ಕ ಹತ್ತು ರೂಪಾಯಿ. ಆನೆ ದಿನದ ಬ್ಯಾನರಿನಲ್ಲಿ ಸಚಿವರ ಒಂದು ಕಿವಿ ಅಚ್ಚು ಹಾಕಿಸಲೂ ಅದಕ್ಕಿಂತ ಹೆಚ್ಚು ಬೀಳುತ್ತದೆ.