ಔಷಧಿ ಮಷಿನ್ನಿಗೆ ಔಷಧಿ

ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ಮಷಿನ್ ಕೈಕೊಡುವುದು ಮಳೆ ಹೊಳವಾದ ದಿನವೇ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಯಾವ ತೋಟದಲ್ಲಿ ಕೇಳಿದರೂ ಇದಕ್ಕೆ ಸಾಕ್ಷಿ ಸಿಕ್ಕೀತು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಬೋರ್ಡೋ ಡ್ರಮ್ಮಿನಲ್ಲಿ ತಯಾರು. ಅದನ್ನು ನಾಳೆಗೆ ಇಡುವಂತಿಲ್ಲ. ಮರ ಹತ್ತುವ ಕೊನೆಗೌಡ ತುದಿಯಲ್ಲಿ ಗನ್ ಹಿಡಿದು ಕೂತಿದ್ದಾನೆ. ಕೆಳಗೆ ಮಷಿನ್ ಎರಡು ಸಲ ಕೆಮ್ಮಿ ಸುಮ್ಮನಾಗುತ್ತದೆ.

ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಅಡಿಕೆಗೆ ಬೋರ್ಡೋ ಹೊಡೆಸಿದ ಕೆನಡಾದ ಲೆಸ್ಲಿ ಕೋಲ್ಮನ್ ಪುಣ್ಯವಂತರು. ಆಗ ಕೈಪಂಪು, ಅದಕ್ಕೆ ಕಾರ್ಬ್ಯುರೇಟರ್ ಇರಲಿಲ್ಲ.

"ಭಾವಾ, ಪ್ಲಗ್ ಬಿಚ್ಚಿ ನೋಡಿದ್ಯಾ?" ಬೇಲಿಯಾಚೆಯಿಂದ ಮೊದಲ ಪ್ರಶ್ನೆ. ನಮ್ಮಲ್ಲಿ ರಿಪೇರಿ ಶುರುವಾಗುವುದೇ ಪ್ಲಗ್‌ನಿಂದ, ಕೈಗೆ ಮೊದಲು ಸಿಗುವುದು ಅದೇ ಎಂಬ ಕಾರಣಕ್ಕೆ. ಬಿಚ್ಚುವುದು ತಪ್ಪಲ್ಲ. ಬಿಚ್ಚಿದವರು ತಕ್ಷಣ ಪಂಚೆಯ ತುದಿಯಿಂದ ಒರೆಸಿಬಿಡುತ್ತಾರೆ, ಅದು ತಪ್ಪು. ಪ್ಲಗ್ ಒಣಗಿದ್ದರೆ ಎಣ್ಣೆ ಬರುತ್ತಿಲ್ಲ, ತೊಯ್ದಿದ್ದರೆ ಹೆಚ್ಚಾಗಿದೆ. ರೋಗಿ ನಾಲಿಗೆ ಚಾಚಿದಾಗ ವೈದ್ಯರು ಅದನ್ನು ಒರೆಸುತ್ತಾರೆಯೇ?

ಒಣಗಿದ್ದರೆ ಟ್ಯಾಂಕಿನಿಂದ ಕೆಳಗೆ ಬರಬೇಕು. ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ತೂತಿದೆ. ಸುಣ್ಣದ ಕೈಯಲ್ಲಿ ಮುಟ್ಟಿ ಮುಟ್ಟಿ ಅದು ಮುಚ್ಚಿಹೋದರೆ ಎಣ್ಣೆ ಇಳಿಯದು. ಮಷಿನ್ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ. ಮುಚ್ಚಳ ಸಡಿಲಿಸಿದರೆ ಮತ್ತೆ ಓಡುತ್ತದೆ. ಇಷ್ಟಕ್ಕೇ ಪೇಟೆಗೆ ಹೋಗಿ ಹೊಸ ಕಾರ್ಬ್ಯುರೇಟರ್ ತಂದವರುಂಟು. ಆಮೇಲೆ ನೋಡಬೇಕಾದದ್ದು ಕಾಕ್, ಪೈಪು, ಜಾಲರಿ, ಕೊನೆಗೆ ಕಾರ್ಬ್ಯುರೇಟರಿನ ಜೆಟ್. ಜೆಟ್ಟಿಗೆ ಸೈಕಲ್ ಪಂಪಿನ ಗಾಳಿ ಸಾಕು. ಸೂಜಿ ಚುಚ್ಚಿದರೆ ತೂತು ದೊಡ್ಡದಾಗಿ ಹೊಗೆಯೋ ಹೊಗೆ.

ಹಳೇ ಸೀಮೆಎಣ್ಣೆ ಎಂಜಿನ್‌ಗಳದ್ದು ಬೇರೆಯೇ ಠೀವಿ. ಪೆಟ್ರೋಲಿನಲ್ಲಿ ಏಳಬೇಕು, ಬಿಸಿಯಾದ ಮೇಲೆ ಸೀಮೆಎಣ್ಣೆ ಕುಡಿಯಬೇಕು, ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಬೇಕು. ಈ ಕೊನೆಯದನ್ನು ಮರೆತರೆ ಮರುದಿನ ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆಯೇ ನಿಂತಿರುತ್ತದೆ. ಹಗ್ಗ ಎಳೆದೆಳೆದು ರಟ್ಟೆ ಸೋಲಬೇಕು, ಅಷ್ಟೇ.

ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್. ಅದು ನೀರನ್ನು ಎಳೆದುಕೊಳ್ಳುವ ಜಾತಿ, ನಮ್ಮ ಶ್ರಾವಣದ ಗಾಳಿಯೋ ಅರ್ಧ ನೀರೇ. ಹಳೇ ರಬ್ಬರ್ ಪೈಪೂ ಅದರಿಂದ ಉಬ್ಬುತ್ತದೆ. ಘಟ್ಟದ ಕೆಳಗೆ ತದಡಿಯ ಬೋಟಿನವರಿಗೂ ಡೀಸೆಲ್ಲಿನಲ್ಲಿ ಇದೇ ನೀರಿನ ಕಾಟ. ಅರ್ಧ ಖಾಲಿ ಟ್ಯಾಂಕಿನೊಳಗೆ ತೇವ ಬೆವೆತು ತಳಕ್ಕಿಳಿಯುತ್ತದೆ, ಎಂಜಿನ್ ಹೀರುವುದೂ ತಳದಿಂದಲೇ. ಅವರದು ನಡುನೀರಿನಲ್ಲಿ ನಿಲ್ಲುತ್ತದೆ. ನಮ್ಮದು ತೋಟದಲ್ಲಿ ನಿಂತರೆ ಮನೆಗೆ ನಡೆದುಹೋಗಬಹುದು ಎಂಬುದಷ್ಟೇ ಸಮಾಧಾನ.

ಮೊದಲ ಔಷಧಿಗೂ ಎರಡನೆಯದಕ್ಕೂ ನಡುವೆ ಸುಮಾರು 40 ದಿನ ಮಷಿನ್ ಕೊಟ್ಟಿಗೆಯ ಮೂಲೆಯಲ್ಲಿ ಕೂರುತ್ತದೆ. ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲು ಆರಿ ಅಂಟಾಗುತ್ತದೆ. ಕಾಕ್ ಮುಚ್ಚಿ, ಮಷಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಮುಗಿಯಿತು. ಎಲ್ಲರಿಗೂ ಗೊತ್ತು. ಆದರೆ ಅಷ್ಟು ಹೊತ್ತಿಗೆ ಮನೆಯಿಂದ "ಆಸ್ರಿಗೆ ಬನ್ನಿ" ಎಂಬ ಕೂಗು ಬಿದ್ದಿರುತ್ತದೆ, ಕೈಗೆ ಹತ್ತಿರವಿರುವುದು ಸ್ವಿಚ್ಚು.