ಸತ್ಯದ ಅಕ್ಷಾಂಶ: ಕ್ಯಾನ್ಸರ್ ಪ್ರಬಂಧಗಳ ಭೂಗೋಳವನ್ನು ಕುರಿತು ಒಂದು ಶಾಸ್ತ್ರವಿಚಾರ

ಸಂಶೋಧನೆಯ ಬೆಲೆ ಅದರ ಪುರಾವೆಯ ಮೇಲೆ ನಿಂತಿದೆ ಎಂಬ ಮೂಢನಂಬಿಕೆ ಓದಿದವರಲ್ಲೂ ಬೇರುಬಿಟ್ಟಿದೆ. ಅದನ್ನು ಕಿತ್ತೊಗೆದು, ವೈಜ್ಞಾನಿಕ ಸತ್ಯವೆಂಬುದು ಲೇಖಕ ಕೂತಿರುವ ಊರಿನ ಅಕ್ಷಾಂಶಕ್ಕೆ ನೇರ ಅನುಪಾತದಲ್ಲಿರುತ್ತದೆಂದು ಸಾಧಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಭೂಮಧ್ಯರೇಖೆಯ ಮೇಲೆ ಸತ್ಯ ಸೊನ್ನೆ. ಉತ್ತರಕ್ಕೆ ನಡೆದಂತೆಲ್ಲ ಅದು ಏರುತ್ತದೆ. ನಿದರ್ಶನಕ್ಕೆ ಕ್ಯಾನ್ಸರನ್ನೇ ಆರಿಸಿಕೊಳ್ಳಲು ಕಾರಣವುಂಟು. ಗರ್ಭಕೊರಳಿನ ಕ್ಯಾನ್ಸರ್ ಒಂದರಿಂದಲೇ 2022ರಲ್ಲಿ ಸುಮಾರು ಮೂರೂವರೆ ಲಕ್ಷ ಹೆಂಗಸರು ಸತ್ತರು, ಅವರಲ್ಲಿ ನೂರಕ್ಕೆ 94 ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಸಾವು ಒಂದು ಕಡೆ, ಸಾವಿನ ಶಾಸ್ತ್ರ ಇನ್ನೊಂದು ಕಡೆ ಎಂದು ಇಷ್ಟು ಅಚ್ಚುಕಟ್ಟಾಗಿ ವಿಂಗಡವಾದ ವಿಷಯ ನಮ್ಮಂಥ ಸಿದ್ಧಾಂತಿಗಳಿಗೆ ಮತ್ತೊಂದು ಸಿಕ್ಕುವುದಿಲ್ಲ.

ಮೊದಲು ಪ್ರತ್ಯಕ್ಷ ಪ್ರಮಾಣ. ಉಗಾಂಡದ ಕಂಪಾಲ ಇರುವುದು 0.3 ಡಿಗ್ರಿಯಲ್ಲಿ, ಅಂದರೆ ಸತ್ಯ ಹೆಚ್ಚುಕಡಿಮೆ ಇಲ್ಲವೇ ಇಲ್ಲದ ಜಾಗ. ಅಲ್ಲಿನ ಮುಲಾಗೊ ಆಸ್ಪತ್ರೆಯಲ್ಲಿದ್ದ ಐರಿಷ್ ಸರ್ಜನ್ ಡೆನಿಸ್ ಬರ್ಕಿಟ್, ಮಕ್ಕಳ ದವಡೆ ಊದಿಸುವ ಗೆಡ್ಡೆಯೊಂದರ ಬಗ್ಗೆ 1958ರಲ್ಲಿ ಬರೆದರು. 1961ರಲ್ಲಿ ಲಂಡನ್ನಿನಲ್ಲಿ ಅವರ ಉಪನ್ಯಾಸ ಕೇಳಿದ ಆಂಥೊನಿ ಎಪ್‌ಸ್ಟೈನ್ ಅವರಿಗೆ ಇದರ ಹಿಂದೆ ವೈರಸ್ ಇದ್ದೀತೆಂಬ ಗುಮಾನಿ ಬಂತು. ಸರಿ, ಗೆಡ್ಡೆಯ ತುಣುಕುಗಳು ಕಂಪಾಲದಿಂದ ವಿಮಾನ ಹತ್ತತೊಡಗಿದವು. ಬಹುಕಾಲ ಏನೂ ಕಾಣಲಿಲ್ಲ. 1963ರ ಡಿಸೆಂಬರಿನ ಒಂದು ದಿನ ಲಂಡನ್ನಿಗೆ ಮಂಜು ಮುಸುಕಿ, ವಿಮಾನವನ್ನು ಮ್ಯಾಂಚೆಸ್ಟರಿಗೆ ತಿರುಗಿಸಿದರು. ತಡವಾಗಿ ಕೈಸೇರಿದ ಸೀಸೆಯೊಳಗಿನ ದ್ರವ ಕದಡಿದಂತಿತ್ತು. ಕೆಟ್ಟುಹೋಯಿತೆಂದು ಚೆಲ್ಲುವ ಮೊದಲು ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ, ಗೆಡ್ಡೆಯ ಅಂಚಿನಿಂದ ಉದುರಿದ ಕೋಶಗಳು ಜೀವಂತ ತೇಲುತ್ತಿವೆ! ಅವನ್ನೇ ಬೆಳೆಸಿದರು, ವೈರಸ್ ಸಿಕ್ಕಿತು, 1964ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚಾಯಿತು. ಮನುಷ್ಯರ ಕ್ಯಾನ್ಸರಿನಲ್ಲಿ ಕಂಡ ಮೊಟ್ಟಮೊದಲ ವೈರಸ್ ಅದು.

ಪಾಮರರು ಇದನ್ನು ಮಂಜಿನ ಮಹಿಮೆ ಎನ್ನುತ್ತಾರೆ. ಶಾಸ್ತ್ರ ಬಲ್ಲವರಿಗೆ ಗೊತ್ತು: ಮ್ಯಾಂಚೆಸ್ಟರ್ ಲಂಡನ್ನಿಗಿಂತ ಎರಡು ಡಿಗ್ರಿ ಉತ್ತರಕ್ಕಿದೆ.

ಆ ಲೇಖನಕ್ಕೆ ಮೂವರು ಲೇಖಕರು: ಎಪ್‌ಸ್ಟೈನ್, ಅಚಾಂಗ್, ಬಾರ್. ವೈರಸ್ಸಿನ ಹೆಸರು ಎಪ್‌ಸ್ಟೈನ್-ಬಾರ್. ನಡುವಿನ ಅಚಾಂಗ್ ಎಲ್ಲಿ ಹೋದರು? ಕೋಶಗಳಿಗೆ ಹಚ್ಚಿದ್ದ ಈ.ಬಿ. ಎಂಬ ಗುರುತೇ ಮುಂದೆ ವೈರಸ್ಸಿಗೂ ಅಂಟಿಕೊಂಡಿತೆಂದು ಚರಿತ್ರಕಾರರು ಸಮಜಾಯಿಷಿ ಕೊಡುತ್ತಾರೆ. ನಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಅಚಾಂಗ್ ಹುಟ್ಟಿದ್ದು ಟ್ರಿನಿಡಾಡಿನಲ್ಲಿ, 10 ಡಿಗ್ರಿ. ಇನ್ನು ಕಂಪಾಲದಲ್ಲಿ ಗೆಡ್ಡೆ ಕತ್ತರಿಸಿದವರು, ಸೀಸೆಗೆ ತುಂಬಿದವರು, ವಿಮಾನಕ್ಕೆ ಮುಟ್ಟಿಸಿದವರು ಯಾರೂ ಲೇಖಕರ ಸಾಲಿನಲ್ಲಿಲ್ಲ. ಇರಬೇಕಾದ್ದೂ ಇಲ್ಲ. ಸೊನ್ನೆಯನ್ನು ಎಷ್ಟು ಸಲ ಕೂಡಿದರೂ ಸೊನ್ನೆಯೇ ತಾನೆ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. “ಸ್ವಾಮೀ, ಮಂಗೋಲಿಯಾದ ಉಲಾನ್‌ಬಾತರ್ ಬಾಸ್ಟನ್ನಿಗಿಂತ ಐದು ಡಿಗ್ರಿ ಮೇಲಿದೆ. ಪಿತ್ತಜನಕಾಂಗದ ಕ್ಯಾನ್ಸರ್ ಜಗತ್ತಿನಲ್ಲೇ ಅತಿ ಹೆಚ್ಚಿರುವುದು ಆ ದೇಶದಲ್ಲಿ. ಹಾಗಾದರೆ ಆ ವಿಷಯದ ಪರಮಸತ್ಯವೆಲ್ಲ ಅಲ್ಲಿಂದಲೇ ಹೊರಡಬೇಕಲ್ಲ? ಮೆಲ್ಬರ್ನ್ ದಕ್ಷಿಣಾರ್ಧದಲ್ಲಿದೆ, ಅಲ್ಲಿನವರು ಬರೆದದ್ದೆಲ್ಲ ಸುಳ್ಳೋ?” ಪ್ರಶ್ನೆ ಚೂಪಾಗಿದೆ, ಒಪ್ಪಿದೆವು. ಆದರೆ ಮಹಾಸಿದ್ಧಾಂತಗಳು ಇಂಥ ಗೀರುಗಳಿಗೆ ಜಗ್ಗುವುದಿಲ್ಲ, ತಿದ್ದುಪಡಿ ತಂದುಕೊಳ್ಳುತ್ತವೆ. ಅಕ್ಷಾಂಶವನ್ನು ಆಯಾ ದೇಶದ ಹಣಾಂಶದಿಂದ ಗುಣಿಸತಕ್ಕದ್ದು. ಉಲಾನ್‌ಬಾತರ್ ತಾನಾಗಿಯೇ ಕೆಳಗಿಳಿಯುತ್ತದೆ. ಮೆಲ್ಬರ್ನಿನಲ್ಲಿ ಋಣವೆಲ್ಲ ಧನವಾಗುತ್ತದೆ.

ಹಣಾಂಶ ಅಳೆಯುವ ಕೋಲನ್ನು ಪ್ರಕಾಶಕರೇ ಮಾಡಿಟ್ಟಿದ್ದಾರೆ. ಹಿಂದೆ ಓದುವವನು ದುಡ್ಡು ಕೊಡುತ್ತಿದ್ದ. ಅದು ಅನ್ಯಾಯವೆಂದು ಎಲ್ಲರೂ ಹುಯಿಲೆಬ್ಬಿಸಿದ ಮೇಲೆ ‘ಮುಕ್ತ ಪ್ರವೇಶ’ ಬಂತು. ಈಗ ಓದುವವನಿಗೆ ಬಿಟ್ಟಿ, ಬರೆದವನು ಕೊಡಬೇಕು. 2021ರಲ್ಲಿ ಈ ಸೌಲಭ್ಯ ಶುರುಮಾಡಿದ ‘ನೇಚರ್’ ಪತ್ರಿಕೆ ಒಂದು ಲೇಖನಕ್ಕೆ ಇಟ್ಟ ದರ 9,500 ಯೂರೊ, ಆಗಿನ ಲೆಕ್ಕದಲ್ಲಿ ಎಂಟು ಲಕ್ಷ ರೂಪಾಯಿಗೂ ಮೇಲೆ. ನಮ್ಮ ಜೂನಿಯರ್ ರಿಸರ್ಚ್ ಫೆಲೋ ಒಬ್ಬನಿಗೆ ಆಗ ಬರುತ್ತಿದ್ದುದು ತಿಂಗಳಿಗೆ 31,000. ಎರಡು ವರ್ಷ ಉಪವಾಸವಿದ್ದು ಕೂಡಿಟ್ಟರೂ ಸಾಲದು. ವಿಜ್ಞಾನಿಗೆ ವೈರಾಗ್ಯ ಭೂಷಣ, ಆ ಮಾತು ಬೇರೆ.

ಬಡವರಿಗೆ ವಿನಾಯಿತಿ ಇಲ್ಲವೇ? ಉಂಟು, ಅದರ ಸೊಗಸನ್ನು ನೋಡಬೇಕು. ದೊಡ್ಡ ಪ್ರಕಾಶಕರೊಬ್ಬರ ನಿಯಮದಂತೆ ವಿಶ್ವಬ್ಯಾಂಕ್ ಕಡುಬಡವರೆಂದು ಬರೆದ ದೇಶಗಳಿಗೆ ಪೂರ್ತಿ ಮಾಫಿ. ಅವಕ್ಕಿಂತ ಒಂದು ಮೆಟ್ಟಿಲು ಮೇಲಿರುವ ದೇಶಗಳಿಗೆ ಅರ್ಧ, ಆದರೆ ದೇಶದ ಒಟ್ಟು ಉತ್ಪನ್ನ 20,000 ಕೋಟಿ ಡಾಲರ್ ದಾಟಿರಬಾರದು. ಭಾರತ ಎರಡನೆಯ ಸಾಲಿನಲ್ಲಿದೆ, ಮಿತಿಯನ್ನು ಎಂದೋ ದಾಟಿದೆ. ತಲಾ ಲೆಕ್ಕದಲ್ಲಿ ಬಡವರು, ಒಟ್ಟು ಲೆಕ್ಕದಲ್ಲಿ ಸಾಹುಕಾರರು! ಕೋಟಿಗಟ್ಟಲೆ ಬಡವರು ಒಂದೇ ಕಡೆ ಸೇರಿದರೆ ಬಡತನ ಹೋಗುತ್ತದೆ ಎಂಬ ಈ ಅರ್ಥಶಾಸ್ತ್ರ ನಮ್ಮ ಯೋಜನಾ ಆಯೋಗಕ್ಕೂ ಹೊಳೆದಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಬಡ ದೇಶಗಳಿಗೆ ಪತ್ರಿಕೆಗಳನ್ನು ಒದಗಿಸಲು ತಂದ ‘ಹಿನಾರಿ’ ಯೋಜನೆಯ ಪಟ್ಟಿಯಲ್ಲೂ ನಾವಿಲ್ಲ. ಕೊನೆಗೆ ನಮ್ಮ ಸರ್ಕಾರವೇ ‘ಒಂದು ರಾಷ್ಟ್ರ ಒಂದು ಚಂದಾ’ ಎಂದು 2025ರಿಂದ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ತೆಗೆದಿಟ್ಟು, 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ಓದಿಸಲು ಹೊರಟಿದೆ. ಓದುವುದಕ್ಕೆ ನಾವು ಕೊಡುತ್ತೇವೆ, ಬರೆಯುವುದಕ್ಕೂ ನಾವು ಕೊಡುತ್ತೇವೆ, ನಡುವೆ ಪರರ ಲೇಖನ ಪರಿಶೀಲಿಸುವ ಕೆಲಸ ಮಾತ್ರ ಪುಕ್ಕಟೆ ಮಾಡುತ್ತೇವೆ.

ಇನ್ನು ಪತ್ರಿಕೆಗಳ ತೂಕದ ಮಾತು. ಒಂದು ಪತ್ರಿಕೆಯ ಲೇಖನಗಳನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸುತ್ತಾರೆ ಎಂಬುದರ ಸರಾಸರಿಗೆ ‘ಇಂಪ್ಯಾಕ್ಟ್ ಫ್ಯಾಕ್ಟರ್’ ಎನ್ನುತ್ತಾರೆ. ಹತ್ತು ಬಂದರೆ ಘನತೆ, ಐವತ್ತು ಬಂದರೆ ಸಾಕ್ಷಾತ್ಕಾರ. ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಹೊರತರುವ ‘ಸಿಎ’ ಎಂಬ ಪತ್ರಿಕೆ 500 ದಾಟಿದ್ದೂ ಉಂಟು. ಯಾವ ಮದ್ದು ಕಂಡುಹಿಡಿದು? ಮದ್ದಲ್ಲ, ಎಣಿಕೆ. ಜಗತ್ತಿನಲ್ಲಿ 2022ರಲ್ಲಿ ಸುಮಾರು ಎರಡು ಕೋಟಿ ಹೊಸ ಕ್ಯಾನ್ಸರ್ ರೋಗಿಗಳು, 97 ಲಕ್ಷ ಸಾವು ಎಂಬಂಥ ಕೋಷ್ಟಕಗಳು ಅದರಲ್ಲಿ ಬರುತ್ತವೆ. ಕ್ಯಾನ್ಸರಿನ ಬಗ್ಗೆ ಯಾರೇ ಏನೇ ಬರೆಯಲಿ, ಮೊದಲ ಸಾಲಿನಲ್ಲಿ ಗಣಪತಿ ಸ್ತುತಿಯ ಹಾಗೆ ಅದನ್ನು ನೆನೆಯಲೇಬೇಕು.

ಆ ಎಣಿಕೆ ಎಲ್ಲಿಂದ ಬಂತು? ಕೋಷ್ಟಕ ಕಟ್ಟುವುದು ಫ್ರಾನ್ಸಿನ ಲಿಯೊನ್ ನಗರದಲ್ಲಿರುವ ಅಂತರರಾಷ್ಟ್ರೀಯ ಸಂಸ್ಥೆ, 45 ಡಿಗ್ರಿ. ಅದಕ್ಕೆ ಬೇಕಾದ ಕಾಳು ಹೋಗುವುದು ನಾನಾ ದೇಶಗಳ ನೋಂದಣಿ ಕೇಂದ್ರಗಳಿಂದ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ಅಂಥದೊಂದು ಕೇಂದ್ರವಿದೆ. ಇಲ್ಲಿ ಆಸ್ಪತ್ರೆಗಳು ತಾವಾಗಿ ಲೆಕ್ಕ ಕೊಡುವುದನ್ನು ಕಾಯುತ್ತ ಕೂತರೆ ಆಗದು, ಸಿಬ್ಬಂದಿಯೇ ಆಸ್ಪತ್ರೆ, ಲ್ಯಾಬು, ಜನನ ಮರಣ ನೋಂದಣಿ ಕಚೇರಿ ಎಂದು ಸುತ್ತಬೇಕು. ಒಂದು ಕೇಸ್ ಷೀಟಿನಲ್ಲಿ ‘ಲಕ್ಷ್ಮಮ್ಮ, 55, ಮಾಗಡಿ ರಸ್ತೆ’. ಇನ್ನೊಂದು ಆಸ್ಪತ್ರೆಯ ಪುಸ್ತಕದಲ್ಲಿ ‘ಲಕ್ಷ್ಮೀದೇವಿ, 58, ಕೇರಾಫ್ ಮಗ’. ಲ್ಯಾಬಿನ ಚೀಟಿಯಲ್ಲಿ ಬರೀ ‘ಲಕ್ಷ್ಮಿ, ಹೆಣ್ಣು’. ಮೂವರೋ ಒಬ್ಬಳೋ? ವಿಳಾಸ ಹೊಂದಿಸಿ, ಮಗನ ಹೆಸರು ಕೇಳಿ, ಇಲಿ ಕಡಿದ ಫೈಲು ಬಿಡಿಸಿ, ಒಬ್ಬಳೇ ಎಂದು ಗೊತ್ತುಮಾಡಿಕೊಂಡು ಒಂದು ಗೀಟು ಎಳೆಯಬೇಕು. ಆ ಗೀಟಿಗೆ 13 ಡಿಗ್ರಿಯಲ್ಲಿ ಇಂಪ್ಯಾಕ್ಟ್ ಇಲ್ಲ. ಲಿಯೊನ್ ಮುಟ್ಟಿ, ಅಲ್ಲಿಂದ ಅಟ್ಲಾಂಟಿಕ್ ಸಾಗರ ದಾಟಿದ ಮೇಲೆ 500. ಇದಕ್ಕಿಂತ ಸ್ಪಷ್ಟ ಪುರಾವೆಯನ್ನು ನಮ್ಮ ಸಿದ್ಧಾಂತ ಬೇಡುವುದಿಲ್ಲ.

ಮುಂಬೈಯವರು ಮಾತ್ರ ಆಗಾಗ ಕಿರಿಕಿರಿ ಮಾಡುತ್ತಾರೆ. ಟಾಟಾ ಸ್ಮಾರಕ ಆಸ್ಪತ್ರೆಯ ರಾಜೇಂದ್ರ ಬಡವೆ ಮತ್ತು ಸಂಗಡಿಗರು ಭಾರತದ 11 ಕೇಂದ್ರಗಳಲ್ಲಿ ಸುಮಾರು 1,600 ಸ್ತನ ಕ್ಯಾನ್ಸರ್ ರೋಗಿಗಳನ್ನಿಟ್ಟುಕೊಂಡು ಒಂದು ಪರೀಕ್ಷೆ ನಡೆಸಿದರು. ಅವರಲ್ಲಿ ಅರ್ಧ ಮಂದಿಗೆ ಕತ್ತಿ ಹಾಕುವ ಕೆಲವೇ ನಿಮಿಷ ಮೊದಲು ಗೆಡ್ಡೆಯ ಸುತ್ತ ಲಿಡೊಕೇನ್ ಚುಚ್ಚಿದರು. ದಂತವೈದ್ಯರು ಹಲ್ಲು ಕೀಳುವಾಗ ಕೊಡುತ್ತಾರಲ್ಲ, ಅದೇ ಮರಗಟ್ಟಿಸುವ ಮದ್ದು. ಐದು ವರ್ಷದ ಬಳಿಕ ಬದುಕಿದ್ದವರು ಚುಚ್ಚದಿದ್ದಾಗ ನೂರಕ್ಕೆ 86.4, ಚುಚ್ಚಿದಾಗ 90.1. ಅದೇ ಆಸ್ಪತ್ರೆಯ ಇನ್ನೊಂದು ತಂಡ ತಲೆ ಮತ್ತು ಕತ್ತಿನ ಕ್ಯಾನ್ಸರಿಗೆ ದುಬಾರಿ ನಿವೊಲುಮ್ಯಾಬನ್ನು ಎರಡು ವಾರಕ್ಕೆ 240 ಮಿಲಿಗ್ರಾಂ ಎಂಬ ವಾಡಿಕೆ ಬಿಟ್ಟು, ಮೂರು ವಾರಕ್ಕೆ ಬರೀ 20ರಂತೆ ಬೇರೆ ಮದ್ದಿನ ಜೊತೆ ಕೊಟ್ಟಿತು. ಒಂದು ವರ್ಷ ದಾಟಿದವರ ಪ್ರಮಾಣ, ಬರೀ ಆ ಬೇರೆ ಮದ್ದು ಕೊಟ್ಟಾಗಿನ ನೂರಕ್ಕೆ 16ರಿಂದ 43ಕ್ಕೆ ಏರಿತು. ಎರಡೂ ಅಮೆರಿಕದ ಒಳ್ಳೆಯ ಪತ್ರಿಕೆಯಲ್ಲೇ ಅಚ್ಚಾದವು, ಅಲ್ಲವೆನ್ನುವುದಿಲ್ಲ. ಅಚ್ಚಾಗುವುದು ಬೇರೆ, ಆಚರಣೆಗೆ ಬರುವುದು ಬೇರೆ. ಹದಿನೆಂಟರಲ್ಲಿ ಒಂದು ಪಾಲು ಮದ್ದಿಗೇ ರೋಗಿ ಸುಧಾರಿಸಿದರೆ ಉಳಿದ ಹದಿನೇಳು ಪಾಲನ್ನು ಮಾರುವವರು ಎಲ್ಲಿ ಹೋಗಬೇಕು? ಈ ಪ್ರಶ್ನೆಯನ್ನು ಮುಂಬೈಯವರ ಲೇಖನ ಎತ್ತಿಕೊಂಡೇ ಇಲ್ಲ. ಇದನ್ನು ವಿಧಾನದ ದೋಷವೆಂದೇ ತಿಳಿಯಬೇಕು.

ಇಂಥ ಅಪವಾದಗಳು ಹೆಚ್ಚಿಲ್ಲವೆಂಬುದೇ ಸಮಾಧಾನ. 2014ರಿಂದ 2017ರವರೆಗೆ ಪ್ರಕಟವಾದ 694 ದೊಡ್ಡ ಕ್ಯಾನ್ಸರ್ ಪರೀಕ್ಷೆಗಳನ್ನು ಜರಡಿ ಹಿಡಿದವರು, ಬಡ ಮತ್ತು ಮಧ್ಯಮ ಆದಾಯದ ದೇಶಗಳ ಮುಂದಾಳುತನದವು ನೂರಕ್ಕೆ ಎಂಟು ಮಾತ್ರ ಎಂದರು. ಅವುಗಳಲ್ಲಿ ಮದ್ದಿನ ಪರಿಣಾಮ ಹೆಚ್ಚು ಕಂಡಿದ್ದರೂ ಅವು ಅಚ್ಚಾದದ್ದು ಕಡಿಮೆ ತೂಕದ ಪತ್ರಿಕೆಗಳಲ್ಲಿ ಎಂದೂ ಸೇರಿಸಿದರು. ಮುಂದೆ ನಿಂತು ಈ ಅಧ್ಯಯನ ಮಾಡಿದವರು ಕೆನಡಾದವರು. ಆದ್ದರಿಂದ ನಂಬಬಹುದು.

ಈಗ ಪರಿಹಾರ. ಪ್ರಸ್ತುತ ಪ್ರಬಂಧವೂ 13 ಡಿಗ್ರಿಯಲ್ಲೇ ಹುಟ್ಟಿದ್ದರಿಂದ ಅದರ ಸತ್ಯಾಂಶ ಕೃಶವಾಗಿದೆ. ಆದರೆ ಸಹಲೇಖಕರ ಅಕ್ಷಾಂಶವನ್ನು ಕೂಡಿ ಸರಾಸರಿ ತೆಗೆಯಲು ಶಾಸ್ತ್ರದ ಅಡ್ಡಿಯಿಲ್ಲ. ಬಾಸ್ಟನ್ನಿನ ಒಬ್ಬರನ್ನು ಸೇರಿಸಿಕೊಂಡರೆ ಇಪ್ಪತ್ತೇಳೂವರೆ, ದೆಹಲಿಯನ್ನೂ ಮುಟ್ಟುವುದಿಲ್ಲ. ಲಂಡನ್ನಿನ ಇಬ್ಬರನ್ನು ಸೇರಿಸಿದರೆ ಮೂವತ್ತೆಂಟೂವರೆ ದಾಟಿ ವಾಷಿಂಗ್ಟನ್ನಿಗೆ ಕೂಗಳತೆ. ಹಾಗೆಂದು ಲಂಡನ್ನಿನ ಇಬ್ಬರು ವಿದ್ವಾಂಸರಿಗೆ ಬರೆದೆವು. ಇಬ್ಬರೂ ದೊಡ್ಡ ಮನಸ್ಸಿನಿಂದ ಒಪ್ಪಿದ್ದಾರೆ. ಭಾಷೆಯನ್ನು ಇಂಗ್ಲಿಷ್ ಮನೆಮಾತಿನವರಿಂದ ಒಮ್ಮೆ ತಿದ್ದಿಸಿ ಎಂದು ಒಬ್ಬರು ಸೂಚಿಸಿದ್ದಾರೆ. ಮೊದಲ ಹೆಸರು ತಮ್ಮದೇ ಇರಲಿ, ಕೊನೆಯದು ತಮ್ಮ ಗೆಳೆಯರದು ಎಂದು ಇನ್ನೊಬ್ಬರು ತಿಳಿಸಿ, ನಮ್ಮ ಬ್ಯಾಂಕಿನಿಂದ ಯೂರೊ ಕಳಿಸಲು ಎಷ್ಟು ದಿನ ಹಿಡಿಯುತ್ತದೆಂದು ವಿಚಾರಿಸಿದ್ದಾರೆ.