ಜಪಸರ: ಬಳಸುವ ಮುನ್ನ ಓದಿ

ಅಭಿನಂದನೆಗಳು. ವೇಳಾಂಕಣಿಗೆ ಹೋಗಿಬಂದ ಚಿಕ್ಕಮ್ಮನ ಚೀಲದಿಂದಲೋ, ಹಬ್ಬದ ಜಾತ್ರೆಯ ಅಂಗಡಿಯಿಂದಲೋ ನಿಮ್ಮ ಕೈಸೇರಿರುವ ಈ ಸಾಧನಕ್ಕೆ ಬ್ಯಾಟರಿ ಬೇಡ, ಪಾಸ್‌ವರ್ಡ್ ಬೇಡ. ಡಬ್ಬಿಯಲ್ಲಿ 59 ಮಣಿ, ಒಂದು ಶಿಲುಬೆ ಇರಬೇಕು, ಎಣಿಸಿಕೊಳ್ಳಿ. ಕತ್ತಲಲ್ಲಿ ಹಸಿರಾಗಿ ಹೊಳೆಯುವ ರೇಡಿಯಂ ಮಾದರಿಯಾದರೆ ಮೊದಲು ಸ್ವಲ್ಪ ಹೊತ್ತು ಟ್ಯೂಬ್‌ಲೈಟಿನ ಕೆಳಗಿಡಿ. ಹೊಳಪಿಗೂ ಫಲಕ್ಕೂ ಸಂಬಂಧವಿಲ್ಲ. ರಾತ್ರಿ ಮಂಚದಡಿ ಬಿದ್ದರೆ ಬೇಗ ಸಿಗುತ್ತದೆ, ಅಷ್ಟೇ.

ಬಳಸಬೇಕಾದ ಹೊತ್ತು ತಾನಾಗಿಯೇ ಗೊತ್ತಾಗುತ್ತದೆ. ‘ನಾಳೆ ಹನ್ನೊಂದಕ್ಕೆ ಐದು ನಿಮಿಷ ಮಾತಾಡೋಣ’ ಎಂದು ಎಚ್‌ಆರ್‌ನಿಂದ ಮೇಲ್ ಬಂದ ರಾತ್ರಿ. ಅಪ್ಪನ ಸ್ಕ್ಯಾನಿಂಗ್ ರಿಪೋರ್ಟ್ ಕೈಗೆ ಬರುವ ಹಿಂದಿನ ದಿನ. ಆಗ ಫೋನನ್ನು ಪಕ್ಕದ ಕೋಣೆಯಲ್ಲಿಟ್ಟು ಬನ್ನಿ. ಜಪಸರದ ಆ್ಯಪ್ ಅದರಲ್ಲೇ ಇದೆ ಎಂಬ ವಾದ ಬೇಡ. ಆ ಮೇಲ್ ಇರುವುದೂ ಅದರಲ್ಲೇ.

ಶಿಲುಬೆ ಹಿಡಿದು ವಿಶ್ವಾಸ ಪ್ರಮಾಣ ಹೇಳಿ ಶುರುಮಾಡಿ. ದೊಡ್ಡ ಮಣಿಗೆ ‘ಪರಲೋಕದಲ್ಲಿರುವ ನಮ್ಮ ತಂದೆ’, ಸಣ್ಣದಕ್ಕೆ ‘ನಮೋ ಮರಿಯ’. ಹತ್ತರಂತೆ ಐದು ಸುತ್ತು. ಅವಸರ ಮಾಡದಿದ್ದರೆ ಇಪ್ಪತ್ತು ನಿಮಿಷ. ಮೂರನೆಯ ಮಣಿಗೇ ಮನಸ್ಸು ಮನೆಸಾಲದ ಕಂತಿನತ್ತ ಓಡುತ್ತದೆ. ಓಡಲಿ, ಯಂತ್ರ ಕೆಟ್ಟಿಲ್ಲ. ಹೆಬ್ಬೆರಳು ಎಲ್ಲಿದೆಯೋ ಅಲ್ಲಿಂದ ಮುಂದುವರಿಸಿ. ಬೆವೆತ ಬೆರಳಿಗೆ ಪ್ಲಾಸ್ಟಿಕ್ ಮಣಿ ಅಂಟಿಕೊಂಡು ಒಂದರ ಬದಲು ಎರಡು ಜಾರುವುದುಂಟು. ಲೆಕ್ಕ ತಪ್ಪಿದರೆ ಯಾರೂ ದಂಡ ಹಾಕುವುದಿಲ್ಲ.

ಸಿಎಸ್ಐ ಸಭೆಯ ಗೆಳೆಯರಿದ್ದರೆ ಇಲ್ಲಿ ಒಂದು ತಕರಾರು ತೆಗೆದೇ ತೆಗೆಯುತ್ತಾರೆ: ಹೇಳಿದ್ದನ್ನೇ ಹೇಳಬಾರದೆಂದು ಯೇಸು ಹೇಳಿಲ್ಲವೇ? ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯ ಅವರ ನಾಲಿಗೆಯ ತುದಿಯಲ್ಲಿರುತ್ತದೆ. ಅದೇ ಪುಸ್ತಕದ 26ನೇ ಅಧ್ಯಾಯ ತೆಗೆದು ತೋರಿಸಿ. ಬಂಧನದ ರಾತ್ರಿ ಗೆತ್ಸೆಮನಿ ತೋಟದಲ್ಲಿ ಯೇಸು ಮೂರನೆಯ ಸಲವೂ ಅದೇ ಮಾತುಗಳಲ್ಲಿ ಪ್ರಾರ್ಥಿಸಿದರಂತೆ. ಗಾಬರಿಯಾದವರ ಬಾಯಲ್ಲಿ ಹೊಸ ವಾಕ್ಯ ಹುಟ್ಟುವುದಿಲ್ಲ.

ಮಂಗಳವಾರ ಮತ್ತು ಶುಕ್ರವಾರ ಧ್ಯಾನಿಸುವ ದುಃಖದ ರಹಸ್ಯಗಳಲ್ಲಿ ಮೊದಲನೆಯದು ಈ ತೋಟದ್ದೇ. ಕೈಪಿಡಿಯ ಈ ಪುಟವನ್ನು ನಿಧಾನವಾಗಿ ಓದಿ. ನಾಳೆ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಬೆವರು ರಕ್ತದ ಹನಿಗಳಂತೆ ನೆಲಕ್ಕೆ ಬಿತ್ತೆಂದು ಲೂಕ ಬರೆಯುತ್ತಾನೆ. ಎಚ್ಚರವಾಗಿರಿ ಎಂದು ಕೇಳಿಕೊಂಡ ಮೂವರು ಆಪ್ತರು ಗೊರಕೆ ಹೊಡೆಯುತ್ತಿದ್ದರು (ಗೊರಕೆ ನನ್ನ ಸೇರ್ಪಡೆ). ಈ ಪಾತ್ರೆ ತೊಲಗಲಿ ಎಂಬ ಬೇಡಿಕೆ ಈಡೇರಲಿಲ್ಲ. ಆದರೂ ಕೊನೆಯ ಸಲ ಎದ್ದವರು ಬೇರೆಯೇ: ಮಲಗಿದ್ದವರನ್ನು ಎಬ್ಬಿಸಿ, ಹಿಡಿಯಲು ಬಂದವರಿಗೆ ತಾವೇ ಎದುರು ನಡೆದರು. ಹೀಗಾಗಿ ಈ ಸಾಧನ ಕೆಲಸ ಉಳಿಸುತ್ತದೆ, ರಿಪೋರ್ಟ್ ಬದಲಿಸುತ್ತದೆ ಎಂದು ಯಾರಾದರೂ ಮಾರಿದ್ದರೆ ಅದು ನಕಲಿ ಮಾಲು. ಅಸಲಿಗೆ ಇರುವ ವಾರಂಟಿ ಇಷ್ಟೇ: ನಿಮ್ಮ ಭಯವನ್ನು ನಿಮಗಿಂತ ಮೊದಲೇ ಒಬ್ಬರು ಪಟ್ಟಿದ್ದಾರೆ, ನೀವು ಕೂತಿರುವುದು ಅವರ ಪಕ್ಕದಲ್ಲಿ.

ಎಚ್ಚರಿಕೆ. ವೈದ್ಯರು ಬರೆದುಕೊಟ್ಟ ಮಾತ್ರೆಗೆ ಇದು ಬದಲಿಯಲ್ಲ, ಎರಡನ್ನೂ ಒಟ್ಟಿಗೆ ಬಳಸಬಹುದು. ವಾರಗಟ್ಟಲೆ ನಿದ್ದೆ ಬಾರದಿದ್ದರೆ ಮೊದಲು ವೈದ್ಯರಲ್ಲಿಗೆ ಹೋಗಿ. ಅಲ್ಲಿ ಕಾಯುವ ಹೊತ್ತಿಗೆ ಐದೂ ಸುತ್ತು ಮುಗಿಯುತ್ತದೆ.

ಮಧ್ಯದಲ್ಲೇ ನಿದ್ದೆ ಬಂದರೆ ಏನು ಮಾಡಬೇಕೆಂದು ಅಮ್ಮಂದಿರನ್ನು ಕೇಳಿ. “ಮಲ್ಕೋ ಮಗಾ, ಉಳಿದಿದ್ದನ್ನ ಕಾವಲುದೂತ ಮುಗಿಸ್ತಾನೆ” ಎನ್ನುತ್ತಾರೆ. ದೇವಶಾಸ್ತ್ರಜ್ಞರು ಇದಕ್ಕೆ ಸಹಿ ಹಾಕುತ್ತಾರೋ ಇಲ್ಲವೋ, ಧಾರಾಳವಾಗಿ ನಂಬಿ. ಬೆಳಿಗ್ಗೆ ಮಾತ್ರ ದಿಂಬಿನ ಕವರನ್ನು ಒಗೆಯಲು ಹಾಕುವ ಮುನ್ನ ಒಮ್ಮೆ ಕೊಡವಿ ನೋಡಿ. ವಾಷಿಂಗ್ ಮೆಷಿನ್ ಸೇರಿದ ಮಣಿಗಳನ್ನು ಹೊರತೆಗೆಯುವ ಮೆಕ್ಯಾನಿಕ್‌ನ ಖರ್ಚು ವಾರಂಟಿಯಲ್ಲಿ ಸೇರಿಲ್ಲ.